ಹದಿನಾಲ್ಕು ದಿನ ಮೇಜಿನ ಮೇಲಿದ್ದ ಹಸ್ತಪ್ರತಿ

ನನಗಾದ ಅನ್ಯಾಯವನ್ನು ಮೊದಲು ಹೇಳಿ ಮುಗಿಸುತ್ತೇನೆ. ಬೆಂಗಳೂರಿನ ದಕ್ಷಿಣಕ್ಕಿರುವ ಕೆರೆಗಳ ನೀರುಗಿಡಗಳನ್ನು ಹನ್ನೊಂದು ವರ್ಷ ಹುಡುಕಿ ತಂದು, ಸೂಕ್ಷ್ಮದರ್ಶಕದ ಕೆಳಗಿಟ್ಟು, ನೂರ ನಾಲ್ಕು ಚಿತ್ರಗಳನ್ನು ಬರೆದವನು ನಾನು. ನಮ್ಮ ಕಾಲೇಜಿನ ಸಸ್ಯಶಾಸ್ತ್ರ ವಿಭಾಗ ಆ ಚಿತ್ರಗಳನ್ನು ಪುಸ್ತಕವಾಗಿ ಹೊರತಂದಾಗ ಅದರ ಮೇಲೆ ವಿಭಾಗದ ಮುಖ್ಯಸ್ಥರ ಹೆಸರೊಂದೇ ಇತ್ತು. ಮುನ್ನುಡಿಯಲ್ಲಿ ಅಚ್ಚಿನ ಮೊಳೆ ಜೋಡಿಸಿದವರಿಗೆ ಕೃತಜ್ಞತೆ ಇತ್ತು, ಕಾಗದ ಒದಗಿಸಿದವರಿಗೆ ಇತ್ತು, ಮುಖ್ಯಸ್ಥರ ಧರ್ಮಪತ್ನಿಯವರ ತಾಳ್ಮೆಗೂ ಇತ್ತು. ನನ್ನ ಹೆಸರು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಎಲ್ಲಿಯೂ ಇರಲಿಲ್ಲ. ನಾನು ಎರಡು ಸಲ ಹುಡುಕಿದ್ದೇನೆ.

ಇದನ್ನು ಹೇಳದೆ ಮುಂದಿನದನ್ನು ಹೇಳಲಾಗುವುದಿಲ್ಲ. ಆದರೆ ಮುಂದಿನದರಲ್ಲಿ ಬಹುಪಾಲು ಉಪಕಾರಸ್ಮರಣೆ. ಇಂಗ್ಲೆಂಡಿನ ಉತ್ತರದಲ್ಲಿರುವ ಒಂದು ಪುಟ್ಟ ವಿಶ್ವವಿದ್ಯಾನಿಲಯದ ಊರಿನಲ್ಲಿ ನಾನು ಒಂಬತ್ತು ತಿಂಗಳು ಇದ್ದು ಬಂದೆ. ಊರಿನ ಹೆಸರನ್ನು ಬರೆಯುವುದಿಲ್ಲ; ತಮ್ಮ ಬಗ್ಗೆ ಯಾರಾದರೂ ಒಳ್ಳೆಯ ಮಾತು ಬರೆದರೆ ಅಲ್ಲಿಯವರಿಗೆ ಮುಜುಗರವಾಗುತ್ತದೆ. ಅವರಾಡಿದ ಇಂಗ್ಲಿಷನ್ನು ನಮ್ಮ ಮನೆಮಾತಿನಲ್ಲಿಯೇ ಕೊಡುತ್ತೇನೆ. ನನ್ನ ಕಿವಿಗೆ ಅದು ಹಾಗೆಯೇ ಕೇಳಿಸುತ್ತಿತ್ತು.

ಜಯನಗರ, ಹೊರಡುವ ಮುನ್ನ

ನಾನು ಕಾಲೇಜಿನಲ್ಲಿ ಡೆಮಾನ್‌ಸ್ಟ್ರೇಟರ್ ಆಗಿದ್ದೆ. ಉಪನ್ಯಾಸಕರು ಪಾಠ ಹೇಳುತ್ತಾರೆ. ಡೆಮಾನ್‌ಸ್ಟ್ರೇಟರ್ ಪ್ರಯೋಗಶಾಲೆಯ ಮೇಜುಗಳ ಮೇಲೆ ಗಿಡ, ಬ್ಲೇಡು, ಗಾಜಿನ ಪಟ್ಟಿಗಳನ್ನು ಜೋಡಿಸಿಟ್ಟು, ಕಾಂಡವನ್ನು ತೆಳ್ಳಗೆ ಕೊಯ್ಯುವುದು ಹೇಗೆಂದು ವಿದ್ಯಾರ್ಥಿಗಳಿಗೆ ತೋರಿಸುತ್ತಾನೆ. ನೀರುಗಿಡಗಳ ಕೆಲಸ ಇದರ ಮೇಲೆ ಬಿದ್ದದ್ದು, ಅಂದರೆ ಭಾನುವಾರದ್ದು.

ಜಯನಗರದ ನಮ್ಮ ಮನೆಯಿಂದ ಮೂರು ನಿವೇಶನ ದಾಟಿದರೆ ಆಗಿನ್ನೂ ರಾಗಿಯ ಹೊಲ. ಭಾನುವಾರ ಸ್ನಾನ ಸಂಧ್ಯೆ ಮುಗಿಸಿ, ಸೈಕಲ್ಲಿನ ಹಿಂದೆ ಅಗಲಬಾಯಿಯ ಸೀಸೆಗಳ ಬುಟ್ಟಿ ಕಟ್ಟಿಕೊಂಡು, ಬಿಳೇಕಹಳ್ಳಿಯ ಮೇಲೆ ಹುಳಿಮಾವು ಕೆರೆಗೆ ಹೋಗುತ್ತಿದ್ದೆ; ಕೆಲವು ವಾರ ಸುಬ್ರಹ್ಮಣ್ಯಪುರದ ಕಡೆಗೆ. ಹುಳಿಮಾವಿನಲ್ಲಿ ಮುನಿಯಪ್ಪ ಎಂಬ ರೈತನಿದ್ದ. ಕೆರೆಯ ಕೆಳಗೆ ಅವನ ಗದ್ದೆ. ಮೊಣಕಾಲುದ್ದದ ನೀರಿಗೆ ನಾನು ಇಳಿಯುತ್ತಿದ್ದೆ; ಅದಕ್ಕಿಂತ ಆಳವಿದ್ದಲ್ಲಿಗೆ ಅವನು ಇಳಿದು, ನಾನು ಕೈ ತೋರಿಸಿದ ಗಿಡವನ್ನು ಬೇರು ಹರಿಯದಂತೆ ತಂದುಕೊಡುತ್ತಿದ್ದ.

ಪುಸ್ತಕ ಹೊರಬಂದ ಮರುವರ್ಷ ಮುಖ್ಯಸ್ಥರು ನನ್ನನ್ನು ಕೋಣೆಗೆ ಕರೆಸಿದರು. ಮೇಜಿನ ಮೇಲೆ ವಿದೇಶದ ಅಂಚೆಚೀಟಿಯ ಲಕೋಟೆಯೊಂದಿತ್ತು.

“ಏನ್ರೀ ನಂಜುಂಡಯ್ಯ, ಇಂಗ್ಲೆಂಡಿಗೆ ಹೋಗ್ತೀರೇನ್ರೀ?”

“ತಾವು ಹೇಳಿದ ಹಾಗೆ, ಸಾರ್.”

“ಅಲ್ಲೊಬ್ಬ ಪ್ರೊಫೆಸರು ನಮ್ಮ ಪುಸ್ತಕ ನೋಡಿದ್ದಾನೆ. ಏಷ್ಯಾದ ನೀರುಗಿಡಗಳ ಮೇಲೆ ಒಂದು ಕೈಪಿಡಿ ಮಾಡ್ತಾನಂತೆ. ಚಿತ್ರ ಬರೆದವರನ್ನ ಒಂಬತ್ತು ತಿಂಗಳು ಕಳಿಸಿ ಅಂತಾನೆ. ನಾನೇ ಹೋಗ್ಬೇಕಾಗಿತ್ತು, ಈ ಬೆನ್ನು ಆ ಚಳಿಗೆ ತಡೆಯಲ್ಲ.”

ಮುಖ್ಯಸ್ಥರ ಬೆನ್ನಿಗೆ ಏನೂ ಆಗಿರಲಿಲ್ಲ. ಅವರಿಗೆ ಒಂದು ಎಲೆಯನ್ನೂ ನೆಟ್ಟಗೆ ಬರೆಯಲು ಬರುತ್ತಿರಲಿಲ್ಲ.

“ಹೋಗಿ ಬನ್ನಿ,” ಎಂದರು. “ಅಲ್ಲಿ ಏನು ಬರೆದ್ರೂ ವಿಭಾಗದ ಹೆಸರು ಮರೀಬೇಡಿ. ಬಂದ್ಮೇಲೆ ನಿಮ್ಮ ಲೆಕ್ಚರರ್ ಪೋಸ್ಟಿನ ವಿಷಯ ನೋಡೋಣ.”

ವಿಭಾಗದ ಹೆಸರೆಂದರೆ ಯಾರ ಹೆಸರೆಂದು ನನಗೆ ತಿಳಿದಿತ್ತು. ಹದಿನೆಂಟು ವರ್ಷ ಡೆಮಾನ್‌ಸ್ಟ್ರೇಟರ್ ಆಗಿದ್ದವನಿಗೆ ಲೆಕ್ಚರರ್ ಹುದ್ದೆಯೆಂದರೆ ಏನೆಂಬುದೂ ಅವರಿಗೆ ತಿಳಿದಿತ್ತು.

ಮನೆಯಲ್ಲಿ ನನ್ನಾಕೆ ದೊಡ್ಡ ಡಬ್ಬಿಯೊಂದನ್ನು ಪೆಟ್ಟಿಗೆಯೊಳಗೆ ಬಟ್ಟೆಗಳ ನಡುವೆ ಇಟ್ಟಳು. “ರೀ, ಒಂಬತ್ತು ತಿಂಗಳಿಗೆ ಆಗೋ ಹಾಗೆ ಸಾರಿನ ಪುಡಿ ಹಾಕಿದೀನಿ. ಚೆನ್ನಾಗಿದೆ ಅಂದೋರಿಗೆಲ್ಲ ದಾನ ಮಾಡ್ಬೇಡಿ.”

ಮೊದಲ ದಿನ

ಹಡಗಿನ ವಿಚಾರವನ್ನು ಬಿಟ್ಟುಬಿಡುತ್ತೇನೆ. ಮಲಗಿದವನು ಏಡನ್ ದಾಟಿದ ಮೇಲೆ ಎದ್ದೆ. ಆ ಊರನ್ನು ಸೇರಿದಾಗ ಅಕ್ಟೋಬರ್. ಒಂದು ಹೊಳೆ, ಒಂದು ಇಗರ್ಜಿ, ಒಂದು ಉದ್ದನೆಯ ಬೀದಿ. ನಮ್ಮ ಕಾಲೇಜಿನ ಇಂಟರ್ಮೀಡಿಯೆಟ್ ತರಗತಿಗಳಲ್ಲಿದ್ದಷ್ಟು ವಿದ್ಯಾರ್ಥಿಗಳು ಅಲ್ಲಿಯ ಇಡೀ ವಿಶ್ವವಿದ್ಯಾನಿಲಯದಲ್ಲಿ ಇರಲಿಲ್ಲ. ಬ್ರೆಡ್ಡಿನ ಅಂಗಡಿಯಲ್ಲಿ ಬೆಳಿಗ್ಗೆ ಕಂಡವರೇ ಹತ್ತು ಗಂಟೆಗೆ ಗ್ರಂಥಾಲಯದಲ್ಲಿ, ಸಂಜೆ ಹೊಳೆಯ ದಂಡೆಯಲ್ಲಿ. ಸಸ್ಯಶಾಸ್ತ್ರ ವಿಭಾಗವೆಂದರೆ ಹಳೆಯದೊಂದು ಕಲ್ಲಿನ ಮನೆ, ಅದರ ಹಿಂದೆ ಒಂದು ಗಾಜಿನ ಮನೆ, ಎಲ್ಲ ಸೇರಿ ಹನ್ನೊಂದು ಜನ.

ನಮ್ಮ ಕಾಲೇಜಿನಲ್ಲಿ ಮುಖ್ಯಸ್ಥರ ಕೋಣೆಗೆ ಹೋಗುವ ಡೆಮಾನ್‌ಸ್ಟ್ರೇಟರು, ಅಟೆಂಡರು, ಗುಮಾಸ್ತರು ಪಾದರಕ್ಷೆಯನ್ನು ಹೊರಗೆ ಬಿಡಬೇಕು. ಉಪನ್ಯಾಸಕರು ಬಿಡಬೇಕಾಗಿಲ್ಲ. ಇದನ್ನು ಯಾರೂ ಬರೆದಿಟ್ಟಿರಲಿಲ್ಲ. ಯಾರೂ ಮೀರಿಯೂ ಇರಲಿಲ್ಲ. ಆ ಅಭ್ಯಾಸದಲ್ಲಿ ನಾನು ಪ್ರೊಫೆಸರ್ ಹ್ಯಾಲಮ್ ಅವರ ಬಾಗಿಲ ಹೊರಗೆ ಹೊಸ ಬೂಟುಗಳನ್ನು ಜೋಡಿಸಿಟ್ಟು, ಕಾಲುಚೀಲದಲ್ಲಿ ಒಳಗೆ ಹೋದೆ. ತೆಳ್ಳನೆಯ, ಉದ್ದನೆಯ ಮನುಷ್ಯ; ಕನ್ನಡಕವನ್ನು ಹಣೆಯ ಮೇಲೆ ಏರಿಸಿಕೊಂಡು ನನ್ನ ಪಾದಗಳನ್ನು ಒಂದು ಗಳಿಗೆ ನೋಡಿದರು. ಕುರ್ಚಿಯಲ್ಲಿ ಕುಳಿತು ತಮ್ಮ ಬೂಟುಗಳನ್ನೂ ಬಿಚ್ಚಿ, ಬಾಗಿಲು ತೆರೆದು, ನನ್ನವುಗಳ ಪಕ್ಕದಲ್ಲಿ ಇಟ್ಟು ಬಂದರು. ನಮ್ಮ ದೇಶದಲ್ಲಿ ಕೆಲಸ ಶುರುಮಾಡುವ ಕ್ರಮವೇ ಹೀಗಿರಬೇಕೆಂದು ಅವರು ಭಾವಿಸಿದ್ದರೆಂದು ಆಮೇಲೆ ತಿಳಿಯಿತು.

ಒಂದು ಗಂಟೆಯ ನಂತರ ಹೊರಬಂದರೆ ಎರಡು ಜೊತೆಯೂ ಇಲ್ಲ. ಆ ದೇಶದಲ್ಲಿ ಬಾಗಿಲಾಚೆ ಬೂಟು ಇಟ್ಟರೆ ಪಾಲಿಷ್ ಮಾಡಿಕೊಡಿ ಎಂದು ಅರ್ಥ. ವಿಭಾಗದ ಜವಾನ ಪಿಮ್ ಅವುಗಳನ್ನು ನೆಲಮಾಳಿಗೆಗೆ ಒಯ್ದಿದ್ದರು. ಪ್ರೊಫೆಸರೂ ನಾನೂ ಕಲ್ಲಿನ ನೆಲದ ಮೇಲೆ ಕಾಲುಚೀಲದಲ್ಲಿ ಇಳಿದುಹೋದೆವು.

“ಆಚೆ ಬಿಟ್ಟಿದ್ರಲ್ಲ ಸಾರ್, ಪಾಲಿಷ್‌ಗೆ ಅಂದ್ಕೊಂಡೆ,” ಎಂದರು ಪಿಮ್ ನನಗೆ. ಆಮೇಲೆ ಪ್ರೊಫೆಸರ ಕಡೆ ತಿರುಗಿ, “ನಿಮ್ದೂ ಇತ್ತು, ಅದನ್ನ ನೋಡಿ ಆಶ್ಚರ್ಯ ಆಯ್ತು. ಈ ಹತ್ತು ವರ್ಷದಲ್ಲಿ ನೀವು ಪಾಲಿಷ್ ಮಾಡ್ಸಿದ್ದೇ ಇಲ್ಲ!”

ಜವಾನರೊಬ್ಬರು ಪ್ರೊಫೆಸರಿಗೆ ಹೀಗೆನ್ನುವುದನ್ನು ಕೇಳಿ ನನಗೆ ಬೆವರು ಬಂತು. ಪ್ರೊಫೆಸರು ನಗುತ್ತಿದ್ದರು.

ಪಿಮ್ ನನ್ನ ಹೆಸರನ್ನು ಒಂದು ಚೀಟಿಯಲ್ಲಿ ಬರೆಸಿಕೊಂಡು ವಾರವಿಡೀ ಕಲಿತರು. “ನನ್, ಜುನ್, ಡಾ, ಯಾ. ನಾಲ್ಕು ಮೆಟ್ಲು, ಅಷ್ಟೇ ತಾನೆ,” ಎಂದು ಎಲ್ಲರಿಗೂ ಹೇಳಿಕೊಟ್ಟರು. ನಮ್ಮ ಕಾಲೇಜಿನ ಹಾಜರಿ ಪುಸ್ತಕದಲ್ಲಿ ನನ್ನ ಹೆಸರನ್ನು ಆರು ವರ್ಷ ‘ನಂಜಪ್ಪ’ ಎಂದೇ ಬರೆಯುತ್ತಿದ್ದರು. ತಿದ್ದಲು ನಾನು ಕೊಟ್ಟ ಅರ್ಜಿಗಳ ಪ್ರತಿಗಳು ಈಗಲೂ ನನ್ನಲ್ಲಿವೆ.

ಮಿಸೆಸ್ ಟಲಿಯ ಅಡಿಗೆಮನೆ

ನನಗೆ ಮಹಡಿಯ ಕೋಣೆ ಕೊಟ್ಟವರು ಮಿಸೆಸ್ ಟಲಿ. ಅರವತ್ತು ಸಮೀಪಿಸಿದ ವಿಧವೆ. ವಿಭಾಗದ ಗಾಜಿನ ಮನೆಯನ್ನು ನೋಡಿಕೊಳ್ಳುತ್ತಿದ್ದವರೂ ಅವರೇ. ಹೊರಗೆ ಹಿಮ ಬೀಳುವಾಗ ಒಳಗೆ ನಮ್ಮ ತಾವರೆ, ಅಂತರಗಂಗೆಗಳನ್ನು ಬದುಕಿಸಿಟ್ಟಿದ್ದರು. ಮಾತು ಕಡಿಮೆ, ಆಡಿದ್ದು ಖಡಾಖಂಡಿತ. ನಾನು ಮಾಂಸ, ಮೀನು, ಮೊಟ್ಟೆ ತಿನ್ನುವುದಿಲ್ಲ ಎಂದಾಗ, “ಹಾಗಾದ್ರೆ ಉಳಿದಿದ್ದು ಕೋಸು,” ಎಂದರು. ಒಂಬತ್ತು ತಿಂಗಳು ಆ ಮಾತಿಗೆ ತಪ್ಪಲಿಲ್ಲ.

ಎರಡನೆಯ ಭಾನುವಾರ ನನ್ನ ಗೌರವಾರ್ಥ ಪ್ರೊಫೆಸರನ್ನೂ ಪಿಮ್‌ರನ್ನೂ ಊಟಕ್ಕೆ ಕರೆದಿದ್ದರು. ನಮ್ಮ ದೇಶದ ಅಡಿಗೆ ಮಾಡಬೇಕೆಂಬ ಆಸೆ. ಅವರ ನಾಡಿನಲ್ಲಿ ಸೂಪಿನ ಪುಡಿ ಎಂದು ಮಾರುತ್ತಾರೆ. ನೀರಿಗೆ ಸುರಿದು ಕುದಿಸಿದರೆ ಮುಗಿಯಿತು. ನಾನು ಸ್ನಾನಕ್ಕೆ ಹೋದಾಗ ನನ್ನಾಕೆಯ ಸಾರಿನ ಪುಡಿಯನ್ನು ಅದೇ ಬಗೆಯದೆಂದು ತಿಳಿದು, ಅರ್ಧ ಡಬ್ಬಿಯನ್ನು ಪಾತ್ರೆಗೆ ಸುರಿದಿದ್ದರು. ಊಟದ ಮೇಜಿಗೆ ಬಂದದ್ದು ಇಟ್ಟಿಗೆ ಬಣ್ಣದ ಗಂಜಿ.

ಅತಿಥಿಯ ದೇಶದ ಅಡಿಗೆಯನ್ನು ಹಳಿಯಬಾರದೆಂದು ಅವರು, ಮಾಡಿದವರನ್ನು ನೋಯಿಸಬಾರದೆಂದು ನಾನು: ನಾಲ್ವರೂ ಸದ್ದಿಲ್ಲದೆ ತಿಂದೆವು. ಪ್ರೊಫೆಸರ ಕಣ್ಣಿನಿಂದ ನೀರು ಇಳಿಯುತ್ತಿತ್ತು. ಪಿಮ್ ನಾಲ್ಕನೆಯ ಲೋಟ ನೀರು ಕುಡಿದು, “ಚಳಿಗಾಲಕ್ಕೆ ಒಳ್ಳೇದು,” ಎಂದರು.

ಇದನ್ನು ಮನೆಗೆ ಬರೆದೆ. ನನ್ನಾಕೆಯ ಉತ್ತರ ಬಂತು: “ದಾನ ಮಾಡ್ಬೇಡಿ ಅಂತ ಅಷ್ಟು ಹೇಳಿ ಕಳಿಸಿದ್ದೆ. ಹೋಗ್ಲಿ, ಇನ್ನೊಂದು ಡಬ್ಬಿ ಕಳಿಸಿದೀನಿ. ನಾಲ್ಕು ಜನಕ್ಕೆ ಎರಡೇ ಚಮಚ ಅಂತ ಆ ಯಮ್ಮನಿಗೆ ಹೇಳಿ.” ಹೇಳಿದೆ. ಮಿಸೆಸ್ ಟಲಿ ತಲೆಯ ಮೇಲೆ ಕೈಯಿಟ್ಟುಕೊಂಡು, ಪ್ರೊಫೆಸರ ಮನೆಗೂ ಪಿಮ್‌ರ ಮನೆಗೂ ಕ್ಷಮಾಪಣೆ ಕೇಳಲು ಆ ಹಿಮದಲ್ಲಿಯೇ ನಡೆದು ಹೋದರು.

ನಾಲ್ಕು ಗಂಟೆ

ದಿನವೂ ನಾಲ್ಕು ಗಂಟೆಗೆ ಹನ್ನೊಂದು ಜನರೂ ಒಂದೇ ಉದ್ದನೆಯ ಮೇಜಿನ ಸುತ್ತ ಚಹಾ ಕುಡಿಯುತ್ತಿದ್ದರು. ಮೊದಲು ಬಂದವರು ಮೊದಲು ಕುಳಿತರು. ಮೇಜಿಗೆ ತಲೆಯ ಕಡೆ, ಕಾಲಿನ ಕಡೆ ಎಂದಿರಲಿಲ್ಲ. ಬಟ್ಟಲು ತೊಳೆಯಲು ಸರದಿ ಇತ್ತು; ಸೋಮವಾರ ಪ್ರೊಫೆಸರದ್ದು.

ಪ್ರೊಫೆಸರು ಒಳಗೆ ಬಂದಾಗಲೆಲ್ಲ ನಾನು ಎದ್ದು ನಿಲ್ಲುತ್ತಿದ್ದೆ. ನಾನು ಹೊರಟೆನೆಂದು ತಿಳಿದು ಉಳಿದವರು, “ಇಷ್ಟು ಬೇಗನೇ? ನಾಳೆ ಸಿಗೋಣ,” ಎನ್ನುತ್ತಿದ್ದರು. ಅವರ ಮಾತು ಸುಳ್ಳಾಗಬಾರದೆಂಬ ಸಂಕೋಚಕ್ಕೆ ಎರಡು ದಿನ ಚಹಾ ಬಿಟ್ಟು ಹೊರಟೂ ಹೋದೆ. ಮೂರನೆಯ ದಿನ ಮಿಸೆಸ್ ಟಲಿ ನನ್ನ ಕೋಟಿನ ತುದಿ ಹಿಡಿದು ಕೂರಿಸಿದರು.

ಮನೆಯಲ್ಲಿ ನಾನು ಕುಡಿದ ಕಾಫಿಯ ಲೋಟವನ್ನು ನಾನು ತೊಳೆದವನಲ್ಲ. ಬುಧವಾರ ನನ್ನ ಸರದಿ ಬಂದಾಗ ಒಂದು ತಟ್ಟೆ ಒಡೆದೆ. ಪಿಮ್ ಪಕ್ಕದಲ್ಲಿ ನಿಂತು ಒರೆಸುತ್ತ, “ಪ್ರೊಫೆಸರು ಮೊದಲ ವರ್ಷ ಆರು ಒಡೆದ್ರು. ನೀವು ಪರವಾಗಿಲ್ಲ,” ಎಂದರು.

ಆ ಊರಿನಲ್ಲಿ ಎಲ್ಲವೂ ಹೀಗಿತ್ತೆಂದರೆ ಸುಳ್ಳಾಗುತ್ತದೆ. ಮತ್ತೊಂದು ವಿಭಾಗದ ಪ್ರಾಧ್ಯಾಪಕರ ಪತ್ನಿಯೊಬ್ಬರು, ನವೆಂಬರಿನ ಎರಡನೆಯ ಮಂಗಳವಾರ, ಬ್ರೆಡ್ಡಿನ ಅಂಗಡಿಯಲ್ಲಿ ಎಲ್ಲರಿಗೂ ಕೇಳುವಂತೆ, “ಚಾಕು ಮುಳ್ಳುಚಮಚ ಹಿಡಿಯೋದನ್ನ ನಿಮಗೆ ಹಡಗಿನಲ್ಲೇ ಕಲಿಸಿದ್ರಾ?” ಎಂದು ಕೇಳಿದರು. ಅದನ್ನು ನಾನು ಮರೆತಿಲ್ಲ. ಹಿಂದೆಯೇ ನಿಂತಿದ್ದ ಮಿಸೆಸ್ ಟಲಿ, “ಹೌದಂತೆ. ನಿಮ್ಮ ಯಜಮಾನ್ರನ್ನೂ ಒಂದ್ಸಲ ಆ ಹಡಗು ಹತ್ತಿಸಿ,” ಎಂದದ್ದನ್ನೂ ಮರೆತಿಲ್ಲ.

ಬಸವನಗುಡಿಯಲ್ಲಿ ಹುಟ್ಟಿ ಜಯನಗರಕ್ಕೆ ಬಂದವನಿಗೆ ಚಿಕ್ಕ ಸಮಾಜ ಹೊಸದಲ್ಲ. ನಮ್ಮಲ್ಲಿಯೂ ಯಾರ ಮನೆಯಲ್ಲಿ ಏನು ಅಡಿಗೆ ಎಂಬುದು ಬೀದಿಗೆಲ್ಲ ಗೊತ್ತು. ಆದರೆ ಯಾರ ಕೈಯ ಕೆಲಸ ಯಾವುದು ಎಂಬುದೂ ಎಲ್ಲರಿಗೂ ಗೊತ್ತಿರುವ ಸಮಾಜವನ್ನು ನಾನು ಅಲ್ಲಿಯೇ ಮೊದಲು ಕಂಡೆ.

ಮೇ ತಿಂಗಳು: ಮೇಜಿಗೆ ಬಂದದ್ದು

ಕೈಪಿಡಿ ಮುಗಿಯಿತು. ಮೂವತ್ತೆಂಟು ಚಿತ್ರಗಳನ್ನು ಬರೆದಿದ್ದೆ. ಹತ್ತೊಂಬತ್ತು ನಮ್ಮ ಕೆರೆಗಳವು. ಸೀಸೆಗಳಲ್ಲಿ ನಾನೇ ಒಯ್ದಿದ್ದ ಗಿಡಗಳಿಂದ ಹೊಸದಾಗಿ ಬರೆದವು.

ಆಗ ಆ ವಿಭಾಗದ ಪದ್ಧತಿಯೊಂದು ತಿಳಿಯಿತು. ಯಾವ ಪುಸ್ತಕವೇ ಆಗಲಿ, ಅಚ್ಚಿಗೆ ಹೋಗುವ ಮೊದಲು ಅದರ ಹಸ್ತಪ್ರತಿ ಹದಿನಾಲ್ಕು ದಿನ ಚಹಾದ ಮೇಜಿನ ಮೇಲಿರುತ್ತದೆ. ಯಾವ ಪುಟಕ್ಕೆ ಯಾರು ಏನು ಕೆಲಸ ಮಾಡಿದ್ದರೂ ಆ ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ ತಮ್ಮ ಹೆಸರು, ಮಾಡಿದ ಕೆಲಸ ಎರಡನ್ನೂ ಬರೆಯಬೇಕು. ಇದೇನೆಂದು ಯಾರು ಬೇಕಾದರೂ ಕೇಳಬಹುದು. ಆದರೆ ಒಬ್ಬರು ಬರೆದದ್ದನ್ನು ಇನ್ನೊಬ್ಬರು ಅಳಿಸುವಂತಿಲ್ಲ; ಬರೆದವರೇ ಅಳಿಸಬೇಕು. ಹದಿನಾಲ್ಕನೆಯ ದಿನ ಅಂಚಿನಲ್ಲಿ ಉಳಿದ ಹೆಸರುಗಳೆಲ್ಲ ಪುಸ್ತಕದ ಮೊದಲ ಪುಟಗಳಿಗೆ ಹೋಗುತ್ತವೆ. ಹಿಂದಿನ ಮೂರು ಪುಸ್ತಕಗಳಲ್ಲಿ ಪಿಮ್‌ರ ಹೆಸರನ್ನು ನಾನು ಕಣ್ಣಾರೆ ನೋಡಿದೆ: ಗಾಜಿನ ಮನೆಯ ಒಲೆ ಆರದಂತೆ ಕಾದವರು ಎಂದು.

ಎರಡನೆಯ ದಿನ ಮಿಸೆಸ್ ಟಲಿ ಹಾಳೆ ಮಗುಚುತ್ತ, “ಹ್ಯಾಲಮ್, ತಾವರೆ ಪುಟದಲ್ಲಿ ನಿಮ್ಮ ಹೆಸರಿದೆಯಲ್ಲ, ಏನು ಮಾಡಿದ್ರಿ?” ಎಂದರು.

“ಓದಿ ನೋಡ್ದೆ.”

“ತಿದ್ದಿದ್ರಾ?”

“ಇಲ್ಲ. ಚೆನ್ನಾಗಿತ್ತು.”

“ಚೆನ್ನಾಗಿತ್ತು ಅಂತ ನಾನೂ ಓದ್ದೆ. ಪಿಮ್ಮೂ ಓದಿದ.”

ಪ್ರೊಫೆಸರು ಜೇಬಿನಿಂದ ರಬ್ಬರು ತೆಗೆದು ತಮ್ಮ ಹೆಸರನ್ನು ಅಳಿಸಿ, ಬಿಸ್ಕತ್ತು ತಿನ್ನುವುದನ್ನು ಮುಂದುವರಿಸಿದರು.

ಇದನ್ನು ನೋಡಿಯೂ ನಾನು ಮಾಡಿದ್ದೇನೆಂಬುದನ್ನು ಹೇಳಬೇಕು. ನಮ್ಮ ವಿಭಾಗದಲ್ಲಿ ಚಿತ್ರದ ಹಾಳೆಯ ಮೇಲೆ ಮೊದಲು ಬರೆಯುವುದು ಮುಖ್ಯಸ್ಥರ ಹೆಸರು, ಆಮೇಲೆ ಗಿಡ. ಹದಿನೆಂಟು ವರ್ಷದ ಅಭ್ಯಾಸ. ಮೂರನೆಯ ದಿನ ನನ್ನ ಸರದಿ ಬಂದಾಗ, ಮೂವತ್ತೆಂಟು ಹಾಳೆಗಳ ಅಂಚಿನಲ್ಲಿಯೂ ನನ್ನ ಅಚ್ಚುಕಟ್ಟಾದ ಅಕ್ಷರಗಳಲ್ಲಿ, ಬೆಂಗಳೂರಿನ ನಮ್ಮ ಮುಖ್ಯಸ್ಥರ ಹೆಸರನ್ನು ಪದವಿಗಳ ಸಮೇತ ಬರೆದು, ‘ಇವರ ಮಾರ್ಗದರ್ಶನದಲ್ಲಿ’ ಎಂದು ಸೇರಿಸಿದೆ. ನನ್ನ ಹೆಸರನ್ನು ಬರೆಯಲಿಲ್ಲ. ಬರೆಯಬೇಕೆಂದು ತೋಚಲೂ ಇಲ್ಲ. ಮುನ್ನುಡಿಯಲ್ಲಿ ನನ್ನ ಹೆಸರಿಲ್ಲವೆಂದು ಎರಡು ವರ್ಷ ನಿದ್ದೆಗೆಟ್ಟವನು ನಾನೇ.

ನಾಲ್ಕು ಗಂಟೆಗೆ ಪಿಮ್ ಅದನ್ನು ಓದಿದರು. “ಇದ್ಯಾರು ಸಾರ್, ಇಷ್ಟುದ್ದದ ಹೆಸರು? ನಿಮ್ದು ನಾಲ್ಕೇ ಮೆಟ್ಲು, ಇದು ಇಗರ್ಜಿ ಗೋಪುರ.”

“ನಮ್ಮ ಮುಖ್ಯಸ್ಥರು.”

ಮಿಸೆಸ್ ಟಲಿ ಕೇಳಿದರು: “ನಿಮಗೆ ಚಿತ್ರ ಬರೆಯೋದನ್ನ ಕಲಿಸಿದವರಾ?”

“ಅಲ್ಲ.”

“ಈ ಗಿಡಗಳನ್ನ ಹೆಸರಿಸಿದವರಾ?”

“ಅಲ್ಲ.”

“ಮತ್ತೆ ಇವರು ಮಾಡಿದ್ದೇನು, ಮಿಸ್ಟರ್ ನಂಜುಂಡಯ್ಯ?”

ಹನ್ನೊಂದು ಜನ ನನ್ನನ್ನು ನೋಡುತ್ತಿದ್ದರು. “ಅವರು ಮುಖ್ಯಸ್ಥರು,” ಎಂದೆ ಮತ್ತೆ.

ಯಾರೂ ನಗಲಿಲ್ಲ. ಇವತ್ತಿಗೂ ನಾನು ಕೈಮುಗಿಯುವುದು ಅದಕ್ಕೆ. ಪ್ರೊಫೆಸರು ಮೆಲ್ಲನೆ, “ಅದನ್ನ ನಾವು ಯಾರೂ ಅಳಿಸೋ ಹಾಗಿಲ್ಲ. ನಿಮ್ಮ ಕೈಯಿಂದಲೇ ಆಗ್ಬೇಕು, ಅಥವಾ ಹಾಗೇ ಇರ್ಬೇಕು. ಇನ್ನೂ ಹನ್ನೊಂದು ದಿನ ಇದೆ,” ಎಂದರು.

ಹೊಳೆಯ ದಂಡೆ

ಆ ದಿನಗಳಲ್ಲಿ ನಾನು ಹೊಳೆಯ ದಂಡೆಯಲ್ಲಿ ನಡೆದಷ್ಟು ಲಾಲ್‌ಬಾಗಿನಲ್ಲಿಯೂ ನಡೆದಿಲ್ಲ. ಹೆಸರು ಉಳಿದರೆ ಊರಿಗೆ ಹೋದೊಡನೆ ಲೆಕ್ಚರರ್. ನಲವತ್ತಾರು ವಯಸ್ಸಾಗಿತ್ತು, ಇನ್ನೊಂದು ಅವಕಾಶ ಬರುವಂತಿರಲಿಲ್ಲ. ಹೆಸರು ಅಳಿಸಿದರೆ ಪುಸ್ತಕದ ಒಂದು ಪ್ರತಿ ಬೆಂಗಳೂರಿಗೂ ಬರುತ್ತದೆ, ಮುಖ್ಯಸ್ಥರು ಅದನ್ನು ತೆರೆಯುತ್ತಾರೆ. ನನ್ನ ಮೇಲಿನ ಗುಪ್ತ ವರದಿ ಬರೆಯುವವರೂ ಅವರೇ.

ನನ್ನಾಕೆಗೆ ಎಲ್ಲವನ್ನೂ ಬರೆದು ಕೇಳೋಣವೆಂದರೆ ಕಾಗದ ಹೋಗಿ ಬರುವಷ್ಟು ದಿನವಿರಲಿಲ್ಲ. ಹತ್ತನೆಯ ದಿನ ಮಿಸೆಸ್ ಟಲಿ ಕೋಸಿನ ತಟ್ಟೆಯನ್ನು ಮುಂದಿಟ್ಟು, ನಾನು ತಿನ್ನದಿರುವುದನ್ನು ಕಂಡು, ಎದುರಿಗೆ ಕುಳಿತರು.

“ಅಳಿಸಿದ್ರೆ ನಿಮಗೆ ತೊಂದರೆ ಆಗುತ್ತಾ?”

“ಆಗುತ್ತದೆ.”

“ದೊಡ್ಡದಾ?”

“ದೊಡ್ಡದು.”

“ಹಾಗಿದ್ರೆ ಬಿಟ್ಬಿಡಿ. ನಾನು ಕೇಳಿದ್ದೇ ತಪ್ಪು. ನೀವು ವಾಪಸ್ ಹೋಗಿ ಬದುಕ್ಬೇಕಾದ ಊರು ಅದು, ಇದಲ್ಲ,” ಎಂದರು.

ಆ ಮಾತಿನಲ್ಲಿ ಇದ್ದ ಮರ್ಯಾದೆಯಿಂದಲೇ ನನಗೆ ಧೈರ್ಯ ಬಂತೆಂದು ತೋರುತ್ತದೆ. ಹನ್ನೆರಡನೆಯ ದಿನ ಬೆಳಿಗ್ಗೆ, ಯಾರೂ ಬರುವ ಮೊದಲು, ಮೇಜಿನ ಮುಂದೆ ಕುಳಿತು ಮೂವತ್ತೆಂಟು ಹಾಳೆಗಳ ಅಂಚನ್ನೂ ಅಳಿಸಿದೆ. ಪ್ರತಿಯೊಂದರ ಮೇಲೂ ನನ್ನ ಹೆಸರು ಬರೆದು, ‘ಚಿತ್ರ’ ಎಂದು ಸೇರಿಸಿದೆ. ಮೊದಲ ಎರಡು ಹಾಳೆಯ ಅಕ್ಷರ ಸೊಟ್ಟಗಿತ್ತು. ತಿದ್ದಲಿಲ್ಲ.

ಹದಿನಾಲ್ಕನೆಯ ದಿನ

ಕೊನೆಯ ದಿನ ಪ್ರೊಫೆಸರು ಎಲ್ಲ ಹೆಸರುಗಳನ್ನೂ ಗಟ್ಟಿಯಾಗಿ ಓದುವುದು ಕ್ರಮ. ನನ್ನ ಹೆಸರು ಬಂದಾಗ ಪಿಮ್ ಮೇಜು ತಟ್ಟಿದರು.

ಆಮೇಲೆ ಹುಳಿಮಾವು ಕೆರೆಯ ಹಾಳೆ ಬಂತು. ಬೇರಿಲ್ಲದ, ನೀರಿನೊಳಗೆ ತೇಲುವ ಗಿಡ. ಸಾಸಿವೆಯಷ್ಟು ಸಣ್ಣ ಚೀಲಗಳಿಂದ ಹುಳುಗಳನ್ನು ನುಂಗುತ್ತದೆ. ನನ್ನ ಅತ್ಯುತ್ತಮ ಚಿತ್ರ ಅದೇ. ಮಿಸೆಸ್ ಟಲಿ ಅದನ್ನು ಕೈಗೆತ್ತಿಕೊಂಡು, ಗಿಡ ಬೆಳೆಸುವವರ ಕುತೂಹಲದಿಂದಲೇ ಕೇಳಿದರು:

“ಇದು ಆಳದಲ್ಲಿ ಬೆಳೆಯುತ್ತೆ ಅಂತ ಬರೆದಿದ್ದೀರಿ. ನಿಮಗೆ ಈಜು ಬರಲ್ಲ ಅಂದಿದ್ರಿ. ತಂದೋರು ಯಾರು?”

“ಊರಿನವನೊಬ್ಬ. ಕುತ್ತಿಗೆವರೆಗಿನ ನೀರಿಗೆ ಇಳಿಯುತ್ತಿದ್ದ.”

“ಎಲ್ಲಿ ಸಿಗುತ್ತೆ ಅಂತ ತೋರಿಸಿದವರು?”

“ಅವನೇ. ಮಳೆ ಬಿದ್ದ ಮೂರು ವಾರಕ್ಕೆ, ಪಶ್ಚಿಮದ ಮೂಲೆಯಲ್ಲಿ ಮಾತ್ರ ಹೂ ಬಿಡುತ್ತದೆಂದು ಅವನಿಗೇ ಗೊತ್ತಿದ್ದದ್ದು. ಸೊಳ್ಳೆ ತಿನ್ನೋ ಪಾಚಿ ಎನ್ನುತ್ತಿದ್ದ.”

ಹೇಳುತ್ತ ಹೇಳುತ್ತಲೇ ನನಗೆ ಅರ್ಥವಾಯಿತು. ಹುಳುಗಳನ್ನು ನುಂಗುವುದೆಂದು ಪುಸ್ತಕದಲ್ಲಿ ಓದುವ ಮೊದಲೇ ನಾನು ಅದನ್ನು ಮುನಿಯಪ್ಪನ ಬಾಯಿಂದ ಕೇಳಿದ್ದೆ. ಹನ್ನೊಂದು ವರ್ಷದ ನನ್ನ ಟಿಪ್ಪಣಿ ಪುಸ್ತಕಗಳಲ್ಲಿ ಮುಖ್ಯಸ್ಥರು ನನಗೆ ಆಡಿದ ಒಂದೊಂದು ಮಾತೂ ದಿನಾಂಕದೊಡನೆ ಇದೆ. ಅವನ ಹೆಸರು ಒಂದು ಸಾಲಿನಲ್ಲಿಯೂ ಇಲ್ಲ; ಇರುವುದು ‘ಆಳು’ ಎಂದು. ನನಗಾದದ್ದನ್ನು ನಾನೇ ಇನ್ನೊಬ್ಬನಿಗೆ ಮಾಡಿದ್ದೆ, ಅದೂ ಗೊತ್ತಿಲ್ಲದೆ.

ಪಿಮ್ ತಮ್ಮ ಕಿವಿಯ ಮೇಲಿದ್ದ ಪೆನ್ಸಿಲನ್ನು ತೆಗೆದು ನನ್ನ ಕಡೆ ತಳ್ಳಿದರು. ನಮ್ಮ ಕೆರೆಗಳ ಹತ್ತೊಂಬತ್ತು ಹಾಳೆಗಳಲ್ಲಿ, ಅವನು ತಂದ ಗಿಡಗಳಿದ್ದ ಹದಿಮೂರರ ಮೇಲೆ ನಾನು ಬರೆದೆ: ‘ಮುನಿಯಪ್ಪ, ಹುಳಿಮಾವು. ಗಿಡವನ್ನು ಬಲ್ಲವನು, ತಂದವನು.’ ಪ್ರೊಫೆಸರು ಅದನ್ನು ಉಳಿದ ಹೆಸರುಗಳಂತೆಯೇ, ಅದೇ ಧ್ವನಿಯಲ್ಲಿ ಓದಿದರು.

ಹುಳಿಮಾವು, ಮರಳಿದ ಮೇಲೆ

ಜೂನ್ ಕೊನೆಯಲ್ಲಿ ಹೊರಟಾಗ ಹನ್ನೊಂದು ಜನರೂ ರೈಲು ನಿಲ್ದಾಣಕ್ಕೆ ಬಂದಿದ್ದರು. ಮಿಸೆಸ್ ಟಲಿ ನನ್ನಾಕೆಗೆಂದು ಒಂದು ಡಬ್ಬಿ ತುಂಬ ಬಿಸ್ಕತ್ತು ಕೊಟ್ಟರು. ಮೊಟ್ಟೆ ಹಾಕಿಲ್ಲವೆಂದು ಚೀಟಿ ಅಂಟಿಸಿದ್ದರು. ಆ ಸಮಾಜ ನನಗೆ ಕೊಟ್ಟದ್ದಕ್ಕೆ ಈ ಜನ್ಮದಲ್ಲಿ ಪ್ರತಿಯಾಗಿ ಏನನ್ನೂ ಕೊಡಲಾರೆ.

ಕೈಪಿಡಿ ಮರುವರ್ಷ ಬಂತು. ಭಾನುವಾರ ಅದನ್ನು ಸೈಕಲ್ಲಿಗೆ ಕಟ್ಟಿಕೊಂಡು ಹುಳಿಮಾವಿಗೆ ಹೋದೆ. ಮುನಿಯಪ್ಪ ಕೆರೆಯಲ್ಲಿ ಎಮ್ಮೆ ತೊಳೆಯುತ್ತಿದ್ದ. ವಿಷಯ ಹೇಳಿ ಪುಟ ತೆರೆದು ತೋರಿಸಿದೆ.

“ನೀರಿಗಿಳ್ದಿದ್ದಕ್ಕೆಲ್ಲ ಹೆಸ್ರು ಹಾಕ್ತಾರಾ ಸ್ವಾಮಿ? ಹಂಗಾದ್ರೆ ಈ ಎಮ್ಮೆ ಏನ್ ಪಾಪ ಮಾಡಿತ್ತು?” ಎಂದು ನಕ್ಕ. ಆಮೇಲೆ ಕೈಯನ್ನು ಪಂಚೆಗೆ ಎರಡು ಸಲ ಒರೆಸಿಕೊಂಡು, “ಯಾವ್ದು ನಂದು?” ಎಂದ. ಅವನ ಬೆರಳನ್ನು ಹಿಡಿದು ಅಕ್ಷರಗಳ ಮೇಲಿಟ್ಟೆ. ಬಹಳ ಹೊತ್ತು ತೆಗೆಯಲಿಲ್ಲ. “ನಮ್ಮಪ್ಪನ ಹೆಸ್ರು ಪಹಣಿ ಬಿಟ್ರೆ ಎಲ್ಲೂ ಇರ್ಲಿಲ್ಲ,” ಎಂದ. ಆಮೇಲೆ, “ನಿಮ್ ಕಾಲೇಜಿನ ಬುಕ್ಕಾಗೂ ಐತಾ?”

ಇಲ್ಲವೆಂದೆ. ಹಾಕಿಸುತ್ತೇನೆಂದೆ.

ಲೆಕ್ಚರರ್ ಹುದ್ದೆ ನನಗಿಂತ ಒಂಬತ್ತು ವರ್ಷ ಚಿಕ್ಕವರೊಬ್ಬರಿಗೆ ಹೋಯಿತು. ಕೈಪಿಡಿಯನ್ನು ಮುಖ್ಯಸ್ಥರು ಒಂದು ದಿನ ಮೇಜಿನ ಮೇಲಿಟ್ಟುಕೊಂಡು, “ವಿಭಾಗದ ಹೆಸರು ಮರೆತುಬಿಟ್ರಲ್ರೀ,” ಎಂದಿದ್ದರು. ನಾನು ಡೆಮಾನ್‌ಸ್ಟ್ರೇಟರ್ ಆಗಿಯೇ ಕೆಲಸ ಬಿಡುತ್ತೇನೆ. ಅದಕ್ಕಾಗಿ ಯಾರನ್ನೂ ಪ್ರಶ್ನಿಸುವುದಿಲ್ಲ. ರಬ್ಬರು ಹಿಡಿದಾಗಲೇ ಅದು ನನಗೆ ತಿಳಿದಿತ್ತು.

ಆದರೆ ವಿಭಾಗದ ಆ ಮೊದಲ ಪುಸ್ತಕ ಈಗ ಎರಡನೆಯ ಸಲ ಅಚ್ಚಿಗೆ ಹೋಗುತ್ತಿದೆ. ಎರಡು ಹೆಸರುಗಳನ್ನು ಸೇರಿಸಬೇಕೆಂದು ಪ್ರಕಟಣ ಸಮಿತಿಗೆ ಮೂರು ಕಾಗದ ಬರೆದೆ. ಮೂರನೆಯದಕ್ಕೆ ಮುಖ್ಯಸ್ಥರೂ ಇಬ್ಬರು ಸದಸ್ಯರೂ ರುಜು ಹಾಕಿದ ಉತ್ತರ ಬಂದಿದೆ: ಕೆಳದರ್ಜೆಯ ಸಿಬ್ಬಂದಿ ಮತ್ತು ಕೂಲಿಯಾಳುಗಳ ಹೆಸರನ್ನು ನಮೂದಿಸುವ ಪದ್ಧತಿ ಇಲ್ಲ, ಗ್ರಂಥಕರ್ತರು ಸ್ವತಃ ಕೆರೆಗಳಲ್ಲಿ ನಡೆಸಿದ ದೀರ್ಘ ಶೋಧದ ಫಲವೇ ಈ ಗ್ರಂಥವೆಂದು ಹೊಸ ಮುನ್ನುಡಿಯಲ್ಲಿ ಸ್ಪಷ್ಟಪಡಿಸಲಾಗುವುದು.

ಮಾನ್ಯ ಮುಖ್ಯಸ್ಥರೇ, ಸಮಿತಿಯ ಮಾನ್ಯ ಸದಸ್ಯರೇ, ನನ್ನ ಹೆಸರನ್ನು ಬಿಡಿ. ಆ ಮಾತನ್ನು ಇಲ್ಲಿಗೆ ಮುಗಿಸಿದ್ದೇನೆ. ನೀವು ಮೂವರೂ ಉತ್ತರಿಸಬೇಕಾದದ್ದು ಒಂದೇ: ಆ ಹನ್ನೊಂದು ವರ್ಷಗಳಲ್ಲಿ, ಒಂದು ದಿನವಾದರೂ, ನಿಮ್ಮಲ್ಲಿ ಒಬ್ಬರ ಷರಾಯಿಯ ಅಂಚಾದರೂ ಹುಳಿಮಾವು ಕೆರೆಯ ನೀರಿನಲ್ಲಿ ನೆನೆದಿತ್ತೆ?